ಹಳೇ ಕಾರು ಆಯಿಲ್ ಕುಡಿಯುತ್ತಾ? ಕೊಳ್ಳುವ ದಿನ ಅದು ಯಾಕೆ ಗೊತ್ತಾಗಲ್ಲ

ಹಾಸನಕ್ಕೆ ಹೊರಟಿದ್ದೆವು. ಯಡಿಯೂರಿನಲ್ಲಿ ತಿಂಡಿ ಮುಗಿಸಿ ಕಾರು ಸ್ಟಾರ್ಟ್ ಮಾಡಿದಾಗ ಬಾನೆಟ್ ಒಳಗಿಂದ ಟಿಕ್ ಟಿಕ್ ಸದ್ದು ಬಂತು, ಪಕ್ಕದ ಮನೆಯಲ್ಲಿ ಹೊಲಿಗೆ ಮೆಷಿನ್ ಓಡಿದ ಹಾಗೆ. ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು, ಎಂಜಿನ್ ಆಯಿಲ್ ಎಷ್ಟಿದೆ ಅಂತ ನೋಡುವ ಡಿಪ್‌ಸ್ಟಿಕ್ ಎಳೆದೆ. ಕಡ್ಡಿಯ ತುದಿಯಲ್ಲಿ ಒಂದು ಹನಿ ಕಪ್ಪು ಬಿಟ್ಟರೆ ಉಳಿದದ್ದೆಲ್ಲ ಒಣಗಿತ್ತು. ಒರೆಸಿ ಮತ್ತೆ ಹಾಕಿ ನೋಡಿದೆ. ಅದೇ.

ಅದಕ್ಕೂ ಎರಡು ತಿಂಗಳ ಮುಂಚೆ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಪೆಟ್ರೋಲ್ ಕಾರು ಅದು. ಏಳು ವರ್ಷ ಹಳೆಯದು, ಸಿಂಗಲ್ ಓನರ್, ಮೀಟರಿನಲ್ಲಿ 43,000 ಕಿಲೋಮೀಟರ್. ಕೊಳ್ಳುವ ದಿನ ಆಯಿಲ್ ಮೇಲಿನ ಗೆರೆವರೆಗೆ ಇದ್ದದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಆಮೇಲೆ ಓಡಿಸಿದ್ದು 2,100 ಕಿಲೋಮೀಟರ್. ಪಾರ್ಕಿಂಗ್ ನೆಲದ ಮೇಲೆ ಒಂದು ಹನಿ ಸೋರಿಲ್ಲ. ಸೈಲೆನ್ಸರಿನಲ್ಲಿ ಹೊಗೆ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿಲ್ಲ. ಹಾಗಾದರೆ ಹೆಚ್ಚುಕಮ್ಮಿ ಎರಡು ಲೀಟರ್ ಆಯಿಲ್ ಎಲ್ಲಿ ಹೋಯಿತು?

ಈ ಪ್ರಶ್ನೆಗೆ ಉತ್ತರ ಸಿಗಲು ನನಗೆ ಕೆಲವು ತಿಂಗಳು ಬೇಕಾದವು. ಹಳೇ ಕಾರು ಹುಡುಕುತ್ತಿರುವವರಿಗೆ ಅದು ಮೊದಲೇ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ. ಬಂಪರ್ ಗೀರು, ಸೀಟಿನ ಹರಕು, ಟೈರಿನ ಸವೆತ ಎಲ್ಲರಿಗೂ ಕಾಣುತ್ತದೆ. ಆಯಿಲ್ ಕುಡಿಯುವ ಎಂಜಿನ್ ಮಾತ್ರ ಮಾರುವ ದಿನ ಅಪ್ಪಟ ಚೆನ್ನಾಗಿರುವ ಎಂಜಿನ್ ಹಾಗೇ ಕಾಣುತ್ತದೆ. ಹತ್ತು ನಿಮಿಷ ಓಡಿಸಿದರೆ ಅದು ಸಿಕ್ಕಿಬೀಳುವುದಿಲ್ಲ.

ಮೊದಲು ಆಯಿಲ್ ಹೋಗುವ ದಾರಿ ನೋಡೋಣ. ಎಂಜಿನ್ನಿನ ಸಿಲಿಂಡರ್ ಒಳಗೆ ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ. ಗೋಡೆಗೆ ಆಯಿಲ್ ಬೇಕೇ ಬೇಕು, ಇಲ್ಲದಿದ್ದರೆ ಲೋಹಕ್ಕೆ ಲೋಹ ಉಜ್ಜಿ ಹೋಗುತ್ತದೆ. ಆದರೆ ಆ ಆಯಿಲ್ ಮೇಲಕ್ಕೆ, ಪೆಟ್ರೋಲ್ ಉರಿಯುವ ಜಾಗಕ್ಕೆ ಹೋಗಬಾರದು. ಈ ಎರಡನ್ನೂ ಸಂಭಾಳಿಸುವುದು ಪಿಸ್ಟನ್ ಸುತ್ತ ಇರುವ ಮೂರು ರಿಂಗುಗಳು. ಮೇಲಿನ ಎರಡು ಒತ್ತಡ ಹಿಡಿದಿಡುತ್ತವೆ. ಮೂರನೆಯದು ಆಯಿಲ್ ರಿಂಗ್. ಎರಡು ತೆಳು ಉಕ್ಕಿನ ಬಳೆ, ನಡುವೆ ಒಂದು ಸ್ಪ್ರಿಂಗ್, ಅಷ್ಟೇ. ಪಿಸ್ಟನ್ ಕೆಳಗೆ ಬರುವಾಗ ಅದು ಗೋಡೆಯ ಆಯಿಲನ್ನು ಕೆರೆದು ತೆಗೆಯುತ್ತದೆ. ಕೆರೆದ ಆಯಿಲ್ ರಿಂಗಿನ ಹಿಂದೆ ಪಿಸ್ಟನ್ನಿನಲ್ಲಿರುವ ಸಣ್ಣ ತೂತುಗಳ ಮೂಲಕ ಕೆಳಗಿನ ಆಯಿಲ್ ತೊಟ್ಟಿಗೆ, ಅಂದರೆ ಸಂಪ್‌ಗೆ, ಇಳಿಯುತ್ತದೆ.

ನನ್ನ ಕಾರಿನ ಪಿಸ್ಟನ್ ಹೊರಗೆ ಬಂದಾಗ ವಿಲ್ಸನ್ ಗಾರ್ಡನ್‌ನ ಮೆಕ್ಯಾನಿಕ್ ಅದನ್ನು ನನ್ನ ಕೈಗೆ ಕೊಟ್ಟರು. ಮೇಲಿನ ಎರಡು ರಿಂಗುಗಳನ್ನು ಬೆರಳಲ್ಲಿ ಒತ್ತಿದರೆ ಒಳಗೆ ಹೋಗಿ ಹೊರಗೆ ಬರುತ್ತಿದ್ದವು. ಮೂರನೆಯದು ಅಲುಗಲಿಲ್ಲ. ಕರಿ ಡಾಂಬರಿನಂಥ ಪದಾರ್ಥ ಅದು ಕೂರುವ ತೋಡನ್ನೆಲ್ಲ ತುಂಬಿಕೊಂಡು ಕಲ್ಲಾಗಿತ್ತು. ಅವರು ರಿಂಗನ್ನು ಎಬ್ಬಿಸಿ ತೆಗೆದು, ಹಿಂದಿನ ತೂತುಗಳನ್ನು ತೋರಿಸಿದರು. ಒಂದೆರಡು ಬಿಟ್ಟರೆ ಎಲ್ಲ ಮುಚ್ಚಿಹೋಗಿದ್ದವು. "ಕೆರೆದಿದ್ದು ಇಳಿಯೋಕೆ ಜಾಗ ಎಲ್ಲಿದೆ ಸಾರ್, ಮೇಲಕ್ಕೇ ಹೋಗುತ್ತೆ" ಅಂದರು. ಇಡೀ ವಿಷಯ ಆ ಒಂದು ಮಾತಿನಲ್ಲಿತ್ತು.

ಹಾಗಾದರೆ ಹೊಗೆ ಯಾಕೆ ಕಾಣಲಿಲ್ಲ? ಒಂದು ಲೆಕ್ಕ ಹಾಕಿ. 1,000 ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಹೋಗುತ್ತದೆ ಅಂದುಕೊಳ್ಳಿ. ಗಂಟೆಗೆ 60ರ ವೇಗದಲ್ಲಿ ಅಷ್ಟು ದೂರಕ್ಕೆ 1,000 ನಿಮಿಷ ಬೇಕು. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಒಟ್ಟು 20 ಲಕ್ಷ ಸುತ್ತು. ಸಿಲಿಂಡರ್ ನಾಲ್ಕು, ಅಂದರೆ ಪಿಸ್ಟನ್ನುಗಳು ಇಳಿದು ಏರಿದ್ದು 80 ಲಕ್ಷ ಸಲ. ಒಂದು ಲೀಟರನ್ನು 80 ಲಕ್ಷ ಪಾಲು ಮಾಡಿದರೆ ಒಂದು ಹನಿಯ ನಾನೂರನೇ ಒಂದು ಭಾಗದಷ್ಟು. ಅಷ್ಟು ಸಣ್ಣ ಪಾಲು ಪೆಟ್ರೋಲ್ ಜೊತೆ ಉರಿದುಹೋಗುತ್ತದೆ. ಉಳಿದ ಚೂರುಪಾರನ್ನು ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡಲು ಇಟ್ಟಿರುವ, ಬಿಸಿಯಾದ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ. ಹಳೇ ಕಾಲದ ಗಾಡಿಗಳಲ್ಲಿ ಬರುತ್ತಿದ್ದ ನೀಲಿ ಹೊಗೆ ಈಗಿನ ಕಾರುಗಳಲ್ಲಿ ಬಹಳ ಸಲ ಕಾಣುವುದೇ ಇಲ್ಲ. ಹೊಗೆ ಇಲ್ಲ ಅಂದರೆ ಎಂಜಿನ್ ಚೆನ್ನಾಗಿದೆ ಅನ್ನುವ ನಂಬಿಕೆ ನಮ್ಮ ತಂದೆಯವರ ಕಾಲಕ್ಕೆ ಸರಿ ಇತ್ತು. ಈಗ ಅದನ್ನು ನೆಚ್ಚಿಕೊಂಡರೆ ಮೋಸಹೋಗುತ್ತೇವೆ. ಕನ್ವರ್ಟರ್ ಕೂಡ ಪುಕ್ಕಟೆ ಈ ಕೆಲಸ ಮಾಡುವುದಿಲ್ಲ. ಆಯಿಲಿನಲ್ಲಿರುವ ರಂಜಕ, ಸತುವು ಅದರ ಮೇಲೆ ಪದರಗಟ್ಟಿ ವರ್ಷಗಳಲ್ಲಿ ಅದನ್ನೂ ಕೊಲ್ಲುತ್ತವೆ.

ಕೆಂಪು ದೀಪದ ವಿಷಯದಲ್ಲೂ ತುಂಬಾ ಜನಕ್ಕೆ ತಪ್ಪು ತಿಳಿವಳಿಕೆ ಇದೆ. ಆ ಆಯಿಲ್ ಡಬ್ಬಿಯ ಚಿತ್ರ ಬಹುಪಾಲು ಕಾರುಗಳಲ್ಲಿ ಆಯಿಲ್ ಎಷ್ಟಿದೆ ಅಂತ ಹೇಳುವುದಿಲ್ಲ, ಆಯಿಲಿನ ಒತ್ತಡ ಬಿತ್ತು ಅಂತ ಹೇಳುತ್ತದೆ. ಅದು ಹತ್ತುವ ಹೊತ್ತಿಗೆ ಪಂಪು ಗಾಳಿ ಎಳೆಯಲು ಶುರುಮಾಡಿರುತ್ತದೆ. ಬೇರಿಂಗಿಗೆ ಏಟು ಬಿದ್ದಿರಬಹುದು.

ರಿಂಗು ಒಂದೇ ದಾರಿ ಅಲ್ಲ. ಎಂಜಿನ್ನಿನ ಮೇಲ್ಭಾಗದ ಸಿಲಿಂಡರ್ ಹೆಡ್ಡಿನಲ್ಲಿ, ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ಪ್ರತಿ ವಾಲ್ವಿನ ಕಾಂಡಕ್ಕೂ ಒಂದು ಪುಟ್ಟ ರಬ್ಬರ್ ಸೀಲ್ ಇರುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಅದು ಗಟ್ಟಿಯಾಗುತ್ತದೆ. ರಾತ್ರಿ ಕಾರು ನಿಂತಿದ್ದಾಗ ಮೇಲಿನ ಆಯಿಲ್ ನಿಧಾನಕ್ಕೆ ಒಳಗೆ ಜಿನುಗುತ್ತದೆ, ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಉರಿಯುತ್ತದೆ. ಇನ್ನೊಂದು ದಾರಿ ಪಿಸಿವಿ ವಾಲ್ವ್, ಅಂದರೆ ಎಂಜಿನ್ ಹೊಟ್ಟೆಯ ಆವಿಯನ್ನು ಮತ್ತೆ ಉರಿಸಲು ಕಳಿಸುವ ಸಣ್ಣ ಭಾಗ. ಅದು ಕೆಟ್ಟರೆ ಆವಿಯ ಜೊತೆ ಆಯಿಲನ್ನೂ ಎಳೆದುಕೊಳ್ಳುತ್ತದೆ. ಟರ್ಬೊ ಇರುವ ಕಾರಿನಲ್ಲಿ ಟರ್ಬೊ ಸೀಲಿನಿಂದಲೂ ಹೋಗಬಹುದು. ಇವೆಲ್ಲದರ ಖರ್ಚು ಒಂದೇ ಅಲ್ಲ. ಪಿಸಿವಿ ಅಗ್ಗದ ರಿಪೇರಿ. ವಾಲ್ವ್ ಸೀಲ್ ಮಧ್ಯಮ, ಎಷ್ಟೋ ಎಂಜಿನ್ನಿನಲ್ಲಿ ಹೆಡ್ ಇಳಿಸದೇ ಹಾಕಬಹುದು. ರಿಂಗ್ ಅಂದರೆ ಎಂಜಿನ್ ಬಿಚ್ಚಲೇಬೇಕು. ಆದ್ದರಿಂದ "ಆಯಿಲ್ ಕುಡಿಯುತ್ತೆ" ಅಂತ ಗೊತ್ತಾದರೆ ಸಾಲದು, ಯಾವ ದಾರಿಯಲ್ಲಿ ಅನ್ನುವುದೂ ಗೊತ್ತಾಗಬೇಕು.

ಈಗ ನನ್ನನ್ನು ತುಂಬಾ ಕಾಡಿದ ವಿಷಯಕ್ಕೆ ಬರುತ್ತೇನೆ. 43,000 ಕಿಲೋಮೀಟರ್ ಓಡಿದ ಕಾರಿನ ಆಯಿಲ್ ರಿಂಗ್ ಹಾಗೆ ಕಲ್ಲಾಗಿದ್ದು ಹೇಗೆ? ಮೀಟರ್ ತಿರುಗಿಸಿದ್ದಾರೆ ಅಂತಲೇ ನಾನು ಅಂದುಕೊಂಡಿದ್ದೆ. ಸರ್ವೀಸ್ ದಾಖಲೆ ತೆಗೆಸಿ ನೋಡಿದರೆ ಮೀಟರ್ ಸರಿಯಾಗೇ ಇತ್ತು. ವಿಷಯ ಇರುವುದು ಬೆಂಗಳೂರಿನಲ್ಲಿ. ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಲ್ಲಿ ನಮ್ಮ ನಗರದ ಒಳಭಾಗದಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 29 ನಿಮಿಷ 10 ಸೆಕೆಂಡ್ ಹಿಡಿಯುತ್ತಿತ್ತು. ಹೆಚ್ಚುಕಮ್ಮಿ ಗಂಟೆಗೆ 20 ಕಿಲೋಮೀಟರ್. ಆ ವೇಗದಲ್ಲಿ 43,000 ಕಿಲೋಮೀಟರ್ ಅಂದರೆ ಎಂಜಿನ್ 2,150 ಗಂಟೆ ಓಡಿದೆ. ಅಷ್ಟೇ ಗಂಟೆ ಹೈವೇಯಲ್ಲಿ 60ರಲ್ಲಿ ಓಡಿದ್ದರೆ ಮೀಟರ್ 1,29,000 ತೋರಿಸುತ್ತಿತ್ತು.

ಎಂಜಿನ್ನಿಗೆ ಕಿಲೋಮೀಟರ್ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಓಡಿದ ಹೊತ್ತು. ಸಿಲ್ಕ್ ಬೋರ್ಡಿನಲ್ಲಿ, ಟಿನ್ ಫ್ಯಾಕ್ಟರಿ ಹತ್ತಿರ, ಹೆಬ್ಬಾಳದಲ್ಲಿ ನಿಂತಲ್ಲೇ ನಿಂತಾಗಲೂ ಆಯಿಲ್ ಬಿಸಿಯಲ್ಲಿ ಬೇಯುತ್ತಿರುತ್ತದೆ. ಐಡ್ಲಿಂಗಿನಲ್ಲಿ ಪೆಟ್ರೋಲ್ ಎಂಜಿನ್ ಒಳಗೆ ಎಳೆತ ಜಾಸ್ತಿ, ಸೀಲು ರಿಂಗುಗಳ ಸಂದಿಯಿಂದ ಆಯಿಲನ್ನು ಮೇಲಕ್ಕೆ ಹೀರಿಕೊಳ್ಳುತ್ತದೆ. ಇನ್ನು ಮನೆಯಿಂದ ಮೂರು ಕಿಲೋಮೀಟರ್ ದೂರದ ಶಾಲೆಗೆ ಬಿಟ್ಟು ಬರುವ ಕಾರಿನಲ್ಲಿ ಆಯಿಲ್ ಪೂರ್ತಿ ಬಿಸಿಯೇ ಆಗುವುದಿಲ್ಲ. ಒಳಗೆ ಸೇರಿದ ನೀರಿನ ಪಸೆ, ಪೆಟ್ರೋಲ್ ಅಂಶ ಆವಿಯಾಗದೆ ಅಲ್ಲೇ ಉಳಿದು ಆಯಿಲ್ ಕೆಸರಾಗುತ್ತದೆ. ಆ ಓನರ್ "ಇನ್ನೂ 10,000 ಆಗಿಲ್ವಲ್ಲ" ಅಂತ ಎರಡು ವರ್ಷ ಆಯಿಲ್ ಬದಲಿಸದೆ ಬಿಟ್ಟರೆ ರಿಂಗ್ ಅಂಟದೆ ಇನ್ನೇನಾಗುತ್ತದೆ? ನನ್ನ ಕಾರಿನ ದಾಖಲೆಯಲ್ಲಿ ಇದ್ದದ್ದು ಅದೇ. ಎರಡು ಸರ್ವೀಸುಗಳ ನಡುವೆ 26 ತಿಂಗಳು. ಅದಕ್ಕೇ ಈಗ ನನಗೆ 40,000 ಓಡಿದ ಊರೊಳಗಿನ ಕಾರಿಗಿಂತ, ಬೆಂಗಳೂರು ಹುಬ್ಬಳ್ಳಿ ಅಂತ ಓಡಾಡಿ 90,000 ದಾಟಿ, ಹೊತ್ತಿಗೆ ಸರಿಯಾಗಿ ಆಯಿಲ್ ಕಂಡ ಕಾರೇ ಮೇಲು ಅನ್ನಿಸುತ್ತದೆ.

ಎಲ್ಲ ತಪ್ಪು ಓಡಿಸಿದವರದ್ದೇ ಅಂತಲೂ ಅಲ್ಲ. ಕೆಲವು ಎಂಜಿನ್ನುಗಳು ಹುಟ್ಟಿನಿಂದಲೇ ಆಯಿಲ್ ಕುಡಿಯುವ ಗುಣ ಹೊತ್ತಿರುತ್ತವೆ. ಪೆಟ್ರೋಲ್ ಉಳಿಸಲು ರಿಂಗಿನ ಬಿಗಿ ಕಡಿಮೆ ಮಾಡುತ್ತಾರೆ, ತೂತುಗಳು ಸಣ್ಣದಾಗುತ್ತವೆ, ಕರಿ ಬೇಗ ಕಟ್ಟುತ್ತದೆ. ಅಮೆರಿಕದಲ್ಲಿ ಟೊಯೋಟಾ 2ಎಝಡ್-ಎಫ್ಇ ಅನ್ನುವ ತನ್ನ 2.4 ಲೀಟರ್ ಎಂಜಿನ್ನಿಗೆ ಇದೇ ಕಾರಣಕ್ಕೆ 2015ರಲ್ಲಿ ವಾರಂಟಿ ವಿಸ್ತರಿಸಿ, ಪಿಸ್ಟನ್ ರಿಂಗ್ ಬದಲಿಸಿಕೊಡಬೇಕಾಯಿತು. ಅಲ್ಲಿ ಇಟ್ಟುಕೊಂಡ ಅಳತೆ 1,200 ಮೈಲಿಗೆ ಒಂದು ಕ್ವಾರ್ಟ್, ನಮ್ಮ ಲೆಕ್ಕದಲ್ಲಿ ಸುಮಾರು 2,000 ಕಿಲೋಮೀಟರಿಗೆ ಒಂದು ಲೀಟರ್. ಅಲ್ಲೇ 2016ರಲ್ಲಿ ಸುಬಾರು ಕೂಡ ಆಯಿಲ್ ಕುಡಿಯುವ ಎಂಜಿನ್ನುಗಳ ಮೊಕದ್ದಮೆಯಲ್ಲಿ ರಾಜಿಯಾಗಿ ವಾರಂಟಿ ಹೆಚ್ಚಿಸಿತು. ಇದನ್ನು ಹೇಳುವುದು ಯಾಕೆಂದರೆ, ಒಳ್ಳೆಯ ಹೆಸರಿರುವ ಕಂಪನಿ ಅನ್ನುವುದು ಈ ವಿಷಯದಲ್ಲಿ ಪೂರ್ತಿ ಭರವಸೆ ಅಲ್ಲ. ಕೊಳ್ಳುವ ಮಾಡೆಲಿನ ಆ ನಿರ್ದಿಷ್ಟ ಎಂಜಿನ್ ಬಗ್ಗೆ, ಆ ವರ್ಷದ್ದರ ಬಗ್ಗೆ ಓಡಿಸಿದವರನ್ನು ಕೇಳಬೇಕು.

ಬೆಂಗಳೂರಿನದ್ದೇ ಇನ್ನೊಂದು ಅಪಾಯ ಇದೆ. 2022ರ ಸೆಪ್ಟೆಂಬರ್ ಮಳೆ ನೆನಪಿದೆಯಲ್ಲ? ಬೆಳ್ಳಂದೂರು, ಯಮಲೂರು, ಹೊರ ವರ್ತುಲ ರಸ್ತೆಯ ಕಡೆ ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿದವು. ನೀರಿನಲ್ಲಿ ನಿಂತ ಕಾರನ್ನು ಯಾರಾದರೂ ಸ್ಟಾರ್ಟ್ ಮಾಡಿದರೆ ಸಿಲಿಂಡರಿಗೆ ನೀರು ಹೋಗುತ್ತದೆ. ಗಾಳಿಯನ್ನು ಹಿಂಡಬಹುದು, ನೀರನ್ನು ಹಿಂಡಲಾಗದು. ಪಿಸ್ಟನ್ನಿಗೆ ಕಟ್ಟಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ವಲ್ಪ ಬಾಗಿದ್ದರೆ ಎಂಜಿನ್ ಒಣಗಿಸಿದ ಮೇಲೆ ಮತ್ತೆ ಓಡುತ್ತದೆ, ಮಾರಾಟವೂ ಆಗುತ್ತದೆ. ಒಳಗೆ ಪಿಸ್ಟನ್ ವಾರೆಯಾಗಿ ಗೋಡೆಯನ್ನು ಕೆರೆಯುತ್ತಿರುತ್ತದೆ. ಹೀಗೆ ಮುಳುಗಿದ ಕಾರನ್ನು ಗುರುತಿಸಲು ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಹೊರಗೆ ತೊಳೆದಿರುತ್ತಾರೆ, ಸುರುಳಿಯ ಒಳಗಿನ ಮಣ್ಣಿನ ಗೆರೆ ಉಳಿದಿರುತ್ತದೆ. ಸ್ಟೆಪ್ನಿ ಕೆಳಗೆ, ಸೀಟಿನ ಹಳಿಯ ಸ್ಕ್ರೂಗಳ ಮೇಲೆ ತುಕ್ಕು ಇದೆಯಾ ಅಂತ ಬೆರಳಾಡಿಸಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡಿ. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಅದು 50 ಪರ್ಸೆಂಟ್ ಆಗಿರುತ್ತದೆ. ಒಬ್ಬರೇ ಓನರ್ ಇಟ್ಟುಕೊಂಡಿದ್ದ ಏಳು ವರ್ಷದ ಕಾರಿಗೆ ಸೊನ್ನೆ ಇದ್ದರೆ ಯಾಕೆ ಅಂತ ಕೇಳಲೇಬೇಕು.

ಮಾರುವವರು ಎಲ್ಲರೂ ಮೋಸಗಾರರಲ್ಲ. ಎಷ್ಟೋ ಓನರುಗಳಿಗೆ ತಮ್ಮ ಕಾರು ಆಯಿಲ್ ಕುಡಿಯುವುದು ಗೊತ್ತೇ ಇರುವುದಿಲ್ಲ. ಆದರೆ ಗೊತ್ತಿದ್ದು ಮುಚ್ಚುವ ದಾರಿಗಳೂ ಇವೆ. ತೆಳು 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30 ಹಾಕಬೇಕಾದ ಎಂಜಿನ್ನಿಗೆ ದಪ್ಪ 20ಡಬ್ಲ್ಯೂ-50 ಸುರಿದರೆ ಹೊಗೆ, ಸದ್ದು ಎರಡೂ ಕೆಲವು ವಾರ ತಗ್ಗುತ್ತವೆ. ಅದೇ ಕೆಲಸಕ್ಕೆ ಡಬ್ಬಿ ಔಷಧಿಗಳೂ ಸಿಗುತ್ತವೆ. ನೀರಿನ ಪ್ರೆಷರಿನಲ್ಲಿ ಎಂಜಿನ್ ತೊಳೆದು ಮಿಂಚಿಸಿದರೆ ಸೋರಿಕೆಯ ಗುರುತು ಹೋಗುತ್ತದೆ. ಸ್ಕ್ಯಾನರ್ ಹಾಕಿ, ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ತಪ್ಪಿನ ಕೋಡುಗಳನ್ನು ಅಳಿಸುತ್ತಾರೆ. ಹಾಗೆ ಅಳಿಸಿದರೆ ಕಾರಿನ ಸ್ವಯಂ ಪರೀಕ್ಷೆಗಳು ಮತ್ತೆ ಮುಗಿಯಲು ಕೆಲವು ದಿನದ ಓಡಾಟ ಬೇಕು. ನಿಮ್ಮ ಮೆಕ್ಯಾನಿಕ್ಕಿನ ಸ್ಕ್ಯಾನರಿನಲ್ಲಿ "ಪರೀಕ್ಷೆ ಪೂರ್ತಿಯಾಗಿಲ್ಲ" ಅಂತ ಬಂದರೆ ಇತ್ತೀಚೆಗೆ ಯಾರೋ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ತೆಗೆದಿದ್ದಾರೆ. ಎಲ್ಲಕ್ಕಿಂತ ಸುಲಭದ ಉಪಾಯವೆಂದರೆ ನೀವು ಬರುವ ಮುಂಚೆ ಕಾರನ್ನು ಓಡಿಸಿ ಬಿಸಿ ಮಾಡಿಟ್ಟಿರುವುದು.

ಹಾಗಾಗಿ ಕಾರು ನೋಡಲು ಹೋಗುವುದಾದರೆ ಬೆಳಗ್ಗೆ ಬೇಗ ಹೋಗಿ. ರಾತ್ರಿಯೆಲ್ಲ ನಿಂತ ಕಾರೇ ಬೇಕು ಅಂತ ಹಿಂದಿನ ದಿನವೇ ಹೇಳಿ. ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಸ್ಟಾರ್ಟ್ ಮಾಡುವಾಗ ಜೊತೆಗಿರುವವರು ಹಿಂದೆ ನಿಲ್ಲಲಿ. ಡಿಸೆಂಬರ್ ಚಳಿಯಲ್ಲಿ ಬರುವ ಬಿಳಿ ಆವಿಗೆ ಹೆದರಬೇಡಿ, ಅದು ಕರಗಿಹೋಗುತ್ತದೆ. ಒಂದೆರಡು ಸೆಕೆಂಡ್ ನೀಲಿ ಛಾಯೆಯ ಹೊಗೆ ಬಂದು ನಿಂತರೆ ಹೆಚ್ಚಾಗಿ ವಾಲ್ವ್ ಸೀಲ್. ಆಮೇಲೆ ಹತ್ತು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ಒಮ್ಮೆ ಆಕ್ಸಿಲರೇಟರ್ ಒತ್ತಿ, ಮತ್ತೆ ನೋಡಿ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಹಾಗೇ ಮೇಲಿಡಿ. ಮುಚ್ಚಳ ಕುಣಿದು ಬುಸುಬುಸು ಹೊಗೆ ಬಂದರೆ ಗ್ಯಾರೇಜಿನವರು ಅದನ್ನು "ಬ್ಯಾಕ್ ಕಂಪ್ರೆಷನ್" ಅನ್ನುತ್ತಾರೆ. ರಿಂಗ್ ದಾಟಿ ಒತ್ತಡ ಕೆಳಗೆ ನುಗ್ಗುತ್ತಿದೆ ಅಂತ ಅರ್ಥ. ಡೀಸೆಲಿನಲ್ಲಿ ಸ್ವಲ್ಪ ಇರುವುದು ಸಹಜ. ಮುಚ್ಚಳದ ಒಳಬದಿ ನೋಡಿ. ಕಂದು ಕಲೆ ಪರವಾಗಿಲ್ಲ, ಕರಿ ಕೆಸರು ಬೇಡ, ಕಾಫಿ ನೊರೆಯಂಥದ್ದು ಜಾಸ್ತಿ ಇದ್ದರೆ ಎಂಜಿನ್ ತಣ್ಣಗಿಡುವ ಕೂಲೆಂಟ್ ನೀರು ಆಯಿಲಿಗೆ ಸೇರುತ್ತಿರಬಹುದು.

ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಜೇನಿನ ಹಾಗೆ ಹೊಚ್ಚ ಹೊಸದಾಗಿದ್ದರೆ ಖುಷಿಪಡುವ ಬದಲು ಬಿಲ್ ಕೇಳಿ. ಯಾವಾಗ ಹಾಕಿದ್ದು, ಯಾವ ಗ್ರೇಡು, ಎಷ್ಟು ಲೀಟರ್? ಇದಕ್ಕಿಂತ ದೊಡ್ಡ ಸಾಕ್ಷಿ ಸರ್ವೀಸ್ ಸೆಂಟರಿನ ಹಳೇ ದಾಖಲೆ. ಎಲ್ಲರೂ ಅದರಲ್ಲಿ ಕಿಲೋಮೀಟರ್ ಮಾತ್ರ ನೋಡುತ್ತಾರೆ. ಎರಡು ಸರ್ವೀಸುಗಳ ನಡುವೆ "ಆಯಿಲ್ ಟಾಪ್ ಅಪ್ ಅರ್ಧ ಲೀಟರ್", "ಒಂದು ಲೀಟರ್" ಅಂತ ಪುಟ್ಟ ಬಿಲ್ಲುಗಳಿವೆಯಾ ಹುಡುಕಿ. ನನ್ನ ಕಾರಿನ ದಾಖಲೆಯಲ್ಲಿ ಅಂಥವು ಮೂರು ಇದ್ದವು. ನಾನು ಅದನ್ನು ತೆಗೆಸಿದ್ದು ಕೊಂಡ ಮೇಲೆ.

ಬಿಎಸ್-6, ಅಂದರೆ ಹೊಸ ಹೊಗೆ ನಿಯಮದ ಡೀಸೆಲ್ ಕಾರಾದರೆ ಉಲ್ಟಾ ತೊಂದರೆಯೂ ಇದೆ. 2020ರ ಏಪ್ರಿಲ್ 1ರಿಂದ ಬಂದ ಈ ಕಾರುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಆ ಮಸಿ ಸುಡಲು ಎಷ್ಟೋ ಕಾರುಗಳು ಜಾಸ್ತಿ ಡೀಸೆಲ್ ಚಿಮ್ಮಿಸುತ್ತವೆ. ಊರೊಳಗೆ ನಿಂತು ನಿಂತು ಓಡಿದರೆ ಆ ಸುಡುವ ಕೆಲಸ ಅರ್ಧಕ್ಕೇ ನಿಂತು, ಡೀಸೆಲ್ ಜಾರಿ ಆಯಿಲಿಗೆ ಸೇರುತ್ತದೆ. ಆಗ ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಮೇಲಿನ ಗೆರೆ ದಾಟುತ್ತದೆ. ಕಡ್ಡಿ ಮೂಸಿದರೆ ಡೀಸೆಲ್ ವಾಸನೆ ಹೊಡೆಯುತ್ತದೆ. ಒಂದು ಕಡೆ ಆಯಿಲ್ ಉರಿದು, ಇನ್ನೊಂದು ಕಡೆ ಡೀಸೆಲ್ ಸೇರಿ, ಮಟ್ಟ ಅಲ್ಲಾಡದೆ ನಿಂತಿರುವುದೂ ಉಂಟು.

ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿದರೆ ಎಲ್ಲ ಗೊತ್ತಾಗುತ್ತೆ ಅಂತ ತುಂಬಾ ಜನ ಹೇಳುತ್ತಾರೆ. ಮಾಡಿಸಿ, ಒಳ್ಳೆಯದು. ಸಿಲಿಂಡರುಗಳ ನಡುವೆ 10ರಿಂದ 15 ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಪುಸ್ತಕದಲ್ಲಿರುವ ಅಂಕಿಗಿಂತ ಎಲ್ಲ ಸಿಲಿಂಡರಿನಲ್ಲೂ ಒಂದೇ ಸಮ ಸ್ವಲ್ಪ ಕಮ್ಮಿ ಬಂದರೆ ಗಾಬರಿ ಬೇಡ. ಆದರೆ ಕಂಪ್ರೆಷನ್ ಹಿಡಿಯುವುದು ಮೇಲಿನ ಎರಡು ರಿಂಗು. ಆಯಿಲ್ ಹೀರುವಂತೆ ಬಿಡುವುದು ಮೂರನೆಯದು. ನನ್ನ ಕಾರಿನ ನಾಲ್ಕು ಸಿಲಿಂಡರಿನಲ್ಲೂ ಕಂಪ್ರೆಷನ್ ಸರಿಯಾಗಿಯೇ ಬಂತು, ಆದರೂ ಅದು ಲೀಟರ್‌ಗಟ್ಟಲೆ ಕುಡಿಯುತ್ತಿತ್ತು. ನಿಜ ತೋರಿಸಿದ್ದು ಸ್ಪಾರ್ಕ್ ಪ್ಲಗ್ ತೂತಿನಿಂದ ಇಳಿಬಿಟ್ಟ ಸಣ್ಣ ಕ್ಯಾಮೆರಾ. ಎರಡು ಪಿಸ್ಟನ್ನಿನ ತಲೆ ಅಂಚಿನ ಸುತ್ತ ಒದ್ದೆಯಾಗಿ ಹೊಳೆಯುತ್ತಿತ್ತು. ಒಣಗಿರಬೇಕಾದ ಜಾಗ ಅದು.

ಇಷ್ಟಾದ ಮೇಲೂ ಪಕ್ಕಾ ಲೆಕ್ಕ ಬೇಕೆಂದರೆ ಓಡಿಸಿ ಅಳೆಯುವುದೊಂದೇ ದಾರಿ. ಸಮ ನೆಲದಲ್ಲಿ ರಾತ್ರಿ ನಿಲ್ಲಿಸಿ, ಬೆಳಗ್ಗೆ ಮೇಲಿನ ಗೆರೆಗೆ ಸರಿಯಾಗಿ ಆಯಿಲ್ ತುಂಬಿಸಿ. 1,000 ಕಿಲೋಮೀಟರ್ ಆದ ಮೇಲೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ನೋಡಿ. ಮತ್ತೆ ಆ ಗೆರೆ ಮುಟ್ಟಲು ಎಷ್ಟು ಮಿಲಿ ಬೇಕಾಯಿತೋ ಅದೇ ಉತ್ತರ. ಎಷ್ಟಾದರೆ ಜಾಸ್ತಿ? ಕೆಲವು ಕಂಪನಿಗಳ ಮ್ಯಾನುಯಲ್ಲಿನಲ್ಲಿ 1,000 ಕಿಲೋಮೀಟರಿಗೆ ಅರ್ಧ ಲೀಟರ್, ಕೆಲವದರಲ್ಲಿ ಒಂದು ಲೀಟರ್‌ವರೆಗೂ ಖರ್ಚಾಗಬಹುದು ಅಂತ ಬರೆದಿರುತ್ತದೆ. ಅದು ಕಂಪನಿ ತನ್ನನ್ನು ಕಾಪಾಡಿಕೊಳ್ಳಲು ಬರೆದುಕೊಂಡ ಮಿತಿ ಅನ್ನುವುದು ನನ್ನ ಅಭಿಪ್ರಾಯ. ಸಣ್ಣ ಕಾರಿನ ಸಂಪಿನಲ್ಲಿ ಇರುವುದೇ ಮೂರರಿಂದ ನಾಲ್ಕು ಲೀಟರ್, ಸರ್ವೀಸ್ ಇರುವುದು 10,000ಕ್ಕೆ. ಸಾವಿರಕ್ಕೆ ಒಂದು ಲೀಟರ್ ಹೋದರೆ ನಡುವೆಯೇ ಎಂಜಿನ್ ಒಣಗುತ್ತದೆ. 10,000 ಕಿಲೋಮೀಟರಿಗೆ ಒಂದು ಲೀಟರಿನೊಳಗೆ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಕೊಳ್ಳುವ ಮುಂಚೆ ಯಾರೂ 1,000 ಕಿಲೋಮೀಟರ್ ಓಡಿಸಲು ಕೊಡುವುದಿಲ್ಲ, ನಿಜ. ಆದರೆ ಮಾತು ಬರೆಸಿಕೊಳ್ಳಬಹುದು. ಹೋದ ವರ್ಷ ಗೆಳೆಯನ ಜೊತೆ ರಾಜಾಜಿನಗರಕ್ಕೆ ಒಂದು ಕಾರು ನೋಡಲು ಹೋಗಿದ್ದೆ. ಸಂಜೆ ಹೋದಾಗ ಬಾನೆಟ್ ಬಿಸಿ ಇತ್ತು, ಕಾರು ಚೆನ್ನಾಗೇ ಓಡಿತು. ಮಾರನೇ ದಿನ ಬೆಳಗ್ಗೆ ಆರೂವರೆಗೆ ಮತ್ತೆ ಹೋದೆವು. ಸ್ಟಾರ್ಟ್ ಮಾಡುತ್ತಲೇ ತೆಳ್ಳಗೆ ನೀಲಿ ಹೊಗೆ ಬಂದು ಕಾಂಪೌಂಡ್ ಗೋಡೆಗೆ ತಾಗಿ ಮಾಯವಾಯಿತು. ಆ ಕಾರಿನ ಓನರ್ ವಯಸ್ಸಾದವರು, ಅವರಿಗೂ ಅದು ಹೊಸ ಸುದ್ದಿ. ಎಂದೂ ಹಿಂದೆ ನಿಂತು ನೋಡಿರಲಿಲ್ಲ. ಕ್ಯಾಮೆರಾ ಇಳಿಸಿ ನೋಡಿದರೆ ಪಿಸ್ಟನ್ ಅಂಚು ಒಣಗಿತ್ತು. ರಿಂಗ್ ಸರಿ ಇದೆ, ವಾಲ್ವ್ ಸೀಲ್ ಹೋಗಿದೆ ಅಂತ ಮೆಕ್ಯಾನಿಕ್ ಹೇಳಿದರು. ಸೀಲ್ ಹಾಕುವ ಖರ್ಚನ್ನು ಬೆಲೆಯಲ್ಲಿ ಬಿಟ್ಟುಕೊಟ್ಟರು. 1,000 ಕಿಲೋಮೀಟರಿಗೆ ಅರ್ಧ ಲೀಟರಿಗಿಂತ ಜಾಸ್ತಿ ಹೋದರೆ ಇನ್ನಷ್ಟು ಹಣ ವಾಪಸ್ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು.

ಗೆಳೆಯ ಅಳತೆಯ ಲೋಟ ಇಟ್ಟುಕೊಂಡೇ ಅಳೆದ. ಮೊದಲ ಸಾವಿರಕ್ಕೆ 300 ಮಿಲಿ. ಸೀಲ್ ಬದಲಿಸಿದ ಮೇಲಿನ ಸಾವಿರಕ್ಕೆ ಕಡ್ಡಿಯ ಮೇಲೆ ಮಟ್ಟ ಉಗುರಿನ ದಪ್ಪದಷ್ಟು ಇಳಿದಿತ್ತು. ಗ್ಲೋವ್ ಬಾಕ್ಸಿನಲ್ಲಿರುವ ಪುಟ್ಟ ನೋಟ್‌ಬುಕ್ಕಿನಲ್ಲಿ ತಾರೀಖು, ಕಿಲೋಮೀಟರ್, ಮಿಲಿ ಅಂತ ಮೂರು ಸಾಲು ಗೆರೆ ಎಳೆದುಕೊಂಡು ಈಗಲೂ ಬರೆಯುತ್ತಿದ್ದಾನೆ.